ಸಾವಿನ ಕಾರಣ ಬರೆಯುವವರನ್ನೂ ಮತ ಹಾಕಿ ಆರಿಸುತ್ತಾರೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಅಣ್ಣನ ಮಗಳು ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆಯಂಥದ್ದು) ನರ್ಸ್ ಆಗಿದ್ದಾಳೆ. ಅಲ್ಲಿಯ ಪೌರತ್ವ ಪಡೆದು ಹಲವು ವರ್ಷಗಳಾದವು. ಮುಂದಿನ ಚುನಾವಣೆಯಲ್ಲಿ ‘ಕೌಂಟಿ ಕೊರೊನರ್’ ಹುದ್ದೆಗೆ ನಿಲ್ಲುವ ವಿಚಾರವಿದೆಯೆಂದು ಈಚೆಗೆ ಫೋನಿನಲ್ಲಿ ತಿಳಿಸಿದಳು. ಸತ್ತವರ ದೇಹ ನೋಡಿ ಕಾರಣ ಬರೆಯುವ ಕೆಲಸವಂತೆ. ವೈದ್ಯಳಲ್ಲದವಳು ಅದನ್ನು ಹೇಗೆ ಮಾಡುತ್ತಾಳೆ? ಅಂಥದ್ದಕ್ಕೆ ಚುನಾವಣೆ ಯಾಕೆ? ‘ಹೆಣದ ಕೆಲಸಕ್ಕೆ ಮನೆಮನೆಗೆ ಹೋಗಿ ಮತ ಕೇಳುವುದುಂಟೇ’ ಎಂದು ಮನೆಯ ಹಿರಿಯರು ಬೇಸರಪಡುತ್ತಿದ್ದಾರೆ. ಅವಳಿಗೆ ಏನು ಹೇಳಲಿ?
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಹಿರಿಯರು ಅಂದುಕೊಂಡಂತೆ ಕೊರೊನರ್ ಎಂದರೆ ಶವ ಕೊಯ್ಯುವವರಲ್ಲ. ಮರಣೋತ್ತರ ಪರೀಕ್ಷೆ ಮಾಡುವವರು ಅದಕ್ಕೆಂದೇ ಓದಿದ ವೈದ್ಯರು. ಜಾರ್ಜಿಯಾದ ಬಹುತೇಕ ಕೌಂಟಿಗಳ ಮಟ್ಟಿಗೆ ಅದು ನಡೆಯುವುದು ರಾಜ್ಯ ತನಿಖಾ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದಕ್ಕಿಂತ ಮೊದಲು ಸ್ಥಳಕ್ಕೆ ಹೋಗುವುದು, ನೋಡುವುದು, ದೇಹವನ್ನು ಪರೀಕ್ಷೆಗೆ ಕಳುಹಿಸಬೇಕೋ ಮನೆಯವರಿಗೆ ಬಿಟ್ಟುಕೊಡಬಹುದೋ ಎಂದು ತೀರ್ಮಾನಿಸುವುದು, ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವುದು, ಕೊನೆಗೆ ಮರಣ ಪ್ರಮಾಣಪತ್ರದಲ್ಲಿ ಕಾರಣ ನಮೂದಿಸಿ ಸಹಿ ಹಾಕುವುದು ಕೊರೊನರ್ ಕೆಲಸ. ಊರಿನಲ್ಲಾದ ಎಲ್ಲ ಸಾವುಗಳೂ ಅವರ ಬಳಿ ಬರುವುದಿಲ್ಲ. ಹೊಡೆದಾಟ, ಅಪಘಾತ, ಆತ್ಮಹತ್ಯೆ, ಗಟ್ಟಿಮುಟ್ಟಾಗಿದ್ದವರ ಹಠಾತ್ ಸಾವು, ಯಾವ ವೈದ್ಯರ ಆರೈಕೆಯಲ್ಲೂ ಇಲ್ಲದವರ ಸಾವು, ಇಂಥವು ಮಾತ್ರ ಬರುತ್ತವೆ.

ಒಂಟಿಯಾಗಿದ್ದ ವೃದ್ಧರೊಬ್ಬರು ಹಾಸಿಗೆಯಲ್ಲಿಯೇ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಬಂದ ಕೊರೊನರ್ ಮೈ ಎಷ್ಟು ಸೆಟೆದಿದೆ, ರಕ್ತ ಇಳಿದು ಕಟ್ಟಿದ ಕಲೆ ಬೆನ್ನಿನಲ್ಲಿದೆಯೋ ಎದೆಯ ಕಡೆಗಿದೆಯೋ ಎಂದು ನೋಡುತ್ತಾರೆ. ಅಂಗಾತ ಮಲಗಿದ ದೇಹದ ಎದೆಯ ಮೇಲೆ ಆ ಕಲೆ ಕಟ್ಟಿದ್ದರೆ, ಸತ್ತು ಎಷ್ಟೋ ಹೊತ್ತಿನ ಮೇಲೆ ಯಾರೋ ದೇಹವನ್ನು ಮಗುಚಿದ್ದಾರೆ ಎಂದರ್ಥ. ಆಮೇಲೆ ತಲೆದೆಸೆಯ ಮಾತ್ರೆಯ ಡಬ್ಬಿಗಳನ್ನು ತೆಗೆದು, ಚೀಟಿಯ ಮೇಲಿನ ತಾರೀಖು ಓದಿ, ಆ ದಿನದಿಂದ ಲೆಕ್ಕ ಹಾಕಿದರೆ ಎಷ್ಟು ಮಾತ್ರೆ ಉಳಿದಿರಬೇಕಿತ್ತು, ಈಗ ಎಷ್ಟಿವೆ ಎಂದು ಎಣಿಸುತ್ತಾರೆ. ಹೆಚ್ಚು ಉಳಿದಿದ್ದರೆ ಔಷಧ ತಪ್ಪಿಸಿದ್ದಾರೆ. ಕಡಿಮೆ ಇದ್ದರೆ ಒಮ್ಮೆಗೇ ನುಂಗಿರಬಹುದು ಅಥವಾ ಬೇರೆ ಯಾರೋ ಒಯ್ದಿರಬಹುದು. ಇದು ಅನುಭವಸ್ಥ ನರ್ಸ್ ಒಬ್ಬರಿಗೆ ಕಲಿಸಿಕೊಡಬೇಕಾದ ವಿದ್ಯೆಯಲ್ಲ.

ಕಾನೂನಿನ ಅರ್ಹತೆಯಂತೂ ಬಹಳ ಸುಲಭ. ಜಾರ್ಜಿಯಾದಲ್ಲಿ 25 ವರ್ಷ ತುಂಬಿರಬೇಕು, ಹೈಸ್ಕೂಲು ಮುಗಿಸಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಎರಡು ವರ್ಷ ಆ ಕೌಂಟಿಯಲ್ಲಿಯೇ ನೆಲೆಸಿರಬೇಕು, ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿರಬಾರದು. ಗೆದ್ದ ಮೇಲೆ ತರಬೇತಿ ಕಡ್ಡಾಯ. ರಾಜ್ಯದ 159 ಕೌಂಟಿಗಳಲ್ಲಿ ಅಟ್ಲಾಂಟಾ ಸುತ್ತಲಿನ ಫುಲ್ಟನ್, ಕಾಬ್‌ನಂಥ ದೊಡ್ಡವು ವೈದ್ಯರನ್ನೇ ‘ಮೆಡಿಕಲ್ ಎಕ್ಸಾಮಿನರ್’ ಎಂದು ನೇಮಿಸಿಕೊಳ್ಳುತ್ತವೆ. ಹಳ್ಳಿಗಾಡಿನ ಕೌಂಟಿಗಳು ನಾಲ್ಕು ವರ್ಷಕ್ಕೊಮ್ಮೆ ಕೊರೊನರನ್ನು ಆರಿಸುತ್ತವೆ. ಒಂದೊಂದು ರಾಜ್ಯದ ರೀತಿ ಒಂದೊಂದು. ಒಹಾಯೊದಲ್ಲಿ ಕೊರೊನರ್ ವೈದ್ಯರೇ ಆಗಿರಬೇಕು. ನೆಬ್ರಾಸ್ಕಾದಲ್ಲಿ ಕೌಂಟಿಯ ಸರ್ಕಾರಿ ವಕೀಲರೇ ಕೊರೊನರ್ ಕೂಡ ಹೌದು.

ಚುನಾವಣೆ ಯಾಕೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಈ ಹುದ್ದೆ ಇಂಗ್ಲೆಂಡಿನಲ್ಲಿ 1194ರಲ್ಲಿ, ಒಂದನೆಯ ರಿಚರ್ಡ್ ಅರಸನ ಕಾಲದಲ್ಲಿ ರೂಪುಗೊಂಡಿತು. ಅನುಮಾನಾಸ್ಪದ ಸಾವುಗಳಿಂದ ರಾಜನ ಬೊಕ್ಕಸಕ್ಕೆ ಬರಬೇಕಾದ ದಂಡ ಮತ್ತು ಮುಟ್ಟುಗೋಲಿನ ಹಣವನ್ನು ಶೆರಿಫ್ (ಕೌಂಟಿಯಲ್ಲಿ ರಾಜನ ಅಧಿಕಾರಿ) ನುಂಗಿಹಾಕದಂತೆ ಕಾಯಲು ಶೆರಿಫ್‌ಗೆ ಅಧೀನನಲ್ಲದ ಇನ್ನೊಬ್ಬ ಬೇಕಾಗಿದ್ದ. ವಲಸೆ ಹೋದವರು ಅದನ್ನು ಅಮೆರಿಕಕ್ಕೂ ಒಯ್ದರು. ಅಲ್ಲಿ ಶೆರಿಫ್ ಎಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ಬೊಕ್ಕಸದ ಮಾತು ಹೋಯಿತು, ಶೆರಿಫ್‌ಗೆ ಅಧೀನನಲ್ಲ ಎಂಬುದು ಉಳಿಯಿತು. ಇಂಡಿಯಾನಾ ರಾಜ್ಯದಲ್ಲಿ ಶೆರಿಫ್‌ನ ಮೇಲೆಯೇ ವಾರಂಟ್ ಹೊರಟರೆ ಅವನನ್ನು ಹಿಡಿದು ಜೈಲಿನ ಹೊಣೆ ವಹಿಸಿಕೊಳ್ಳಬೇಕಾದವರು ಕೊರೊನರ್. ಕೌಂಟಿ ಜೈಲಿನ ಕೋಣೆಯಲ್ಲಿ ಕೈದಿ ಸತ್ತಾಗ, ಪೊಲೀಸರ ಗುಂಡಿಗೆ ಯಾರಾದರೂ ಬಲಿಯಾದಾಗ, ಅದು ಎಂಥ ಸಾವು ಎಂದು ಬರೆಯುವ ಕೈ ಶೆರಿಫ್‌ನ ಕೈಕೆಳಗಿನದ್ದಾಗಿರಬಾರದು ಎಂಬುದೇ ಈ ಚುನಾವಣೆಯ ಸಮರ್ಥನೆ. ಆದರೆ ಕ್ಯಾಲಿಫೋರ್ನಿಯಾದ ಬಹುಪಾಲು ಕೌಂಟಿಗಳಲ್ಲಿ ಶೆರಿಫ್ ಮತ್ತು ಕೊರೊನರ್ ಒಬ್ಬರೇ. ಇಡೀ ವ್ಯವಸ್ಥೆಯ ಉದ್ದೇಶವನ್ನೇ ಅಲ್ಲಿ ಬದಿಗಿಟ್ಟಂತಾಗಿದೆ ಎಂಬುದು ನನ್ನ ಅಭಿಪ್ರಾಯ.

ವಿರೋಧದ ಮಾತೂ ಹಳೆಯದು. ಮ್ಯಾಸಚೂಸೆಟ್ಸ್ ರಾಜ್ಯ 1877ರಲ್ಲಿಯೇ ಕೊರೊನರ್ ಹುದ್ದೆ ಕೈಬಿಟ್ಟು ವೈದ್ಯರನ್ನು ನೇಮಿಸಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1928ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಈ ಹುದ್ದೆ ಹೋಗಲಿ ಎಂದು ಶಿಫಾರಸು ಮಾಡಿತು. ಆದರೂ ಹಳ್ಳಿಗಾಡಿನಲ್ಲಿ ಉಳಿದಿದೆ, ಯಾಕೆಂದರೆ ಅಲ್ಲಿ ಈ ವಿದ್ಯೆ ಓದಿದ ವೈದ್ಯರೇ ಸಿಗುವುದಿಲ್ಲ. ಇನ್ನೊಂದು ತೊಡಕನ್ನು ಅಣ್ಣನ ಮಗಳು ಪ್ರಚಾರದಲ್ಲಿ ಎದುರಿಸಿಯೇ ತೀರುತ್ತಾಳೆ. ಇಂಥ ಕೌಂಟಿಗಳಲ್ಲಿ ಎಷ್ಟೋ ಸಲ ಶವಸಂಸ್ಕಾರದ ಅಂಗಡಿ ನಡೆಸುವವರೇ ಕೊರೊನರ್ ಆಗಿರುತ್ತಾರೆ. ದೇಹ ಸಾಗಿಸುವ ಗಾಡಿ, ಇಡುವ ತಣ್ಣನೆ ಕೋಣೆ, ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಹೋಗುವ ಅಭ್ಯಾಸ ಎಲ್ಲವೂ ಅವರಿಗಿರುವುದರಿಂದ ಅದು ಸಹಜವೇ. ಆದರೆ ಸಾವಿನ ಮನೆಗೆ ಮೊದಲು ಕಾಲಿಡುವ ಅಧಿಕಾರಿಯೇ ಸಂಸ್ಕಾರದ ವ್ಯಾಪಾರಿಯೂ ಆಗಿದ್ದರೆ, ಆ ದೇಹ ಯಾರ ಅಂಗಡಿಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನರ್ಸ್‌ಗೆ ಆ ಹಂಗಿಲ್ಲ. ಮತ ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಆದ್ದರಿಂದ ನಿಲ್ಲು ಎಂದೇ ಹೇಳಿ. ಜೊತೆಗೆ ಕೆಲವು ಮಾತು ಕೇಳಿ. ಕರೆ ಯಾವ ಹೊತ್ತಿಗೂ ಬರಬಹುದು. ಆಸ್ಪತ್ರೆಯ ಕೆಲಸ ಇಟ್ಟುಕೊಂಡು ಇದನ್ನೂ ಮಾಡುವುದಾದರೆ ಅವಳ ಬದಲಿಗೆ ಹೋಗಬಲ್ಲ ಉಪ ಕೊರೊನರ್ ಯಾರು? ಚಿಕ್ಕ ಕೌಂಟಿಗಳಲ್ಲಿ ಸಂಭಾವನೆ ಅಲ್ಪ. ಅದನ್ನು ನಂಬಿ ಇರುವ ಕೆಲಸ ಬಿಡುವಂತಿಲ್ಲ. ಈ ಸ್ಪರ್ಧೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದರಿಂದ, ಒಂದೇ ಪಕ್ಷದ ಹಿಡಿತವಿರುವ ಕೌಂಟಿಯಲ್ಲಿ ನಿಜವಾದ ಚುನಾವಣೆ ನವೆಂಬರಿನದ್ದಲ್ಲ, ಅದಕ್ಕೆ ತಿಂಗಳುಗಳ ಮೊದಲೇ ಪಕ್ಷದೊಳಗೆ ನಡೆಯುವ ಪ್ರಾಥಮಿಕ ಚುನಾವಣೆ. ಎಲ್ಲಕ್ಕಿಂತ ಕಷ್ಟದ್ದು ಗೆದ್ದ ಮೇಲೆ ಬರುತ್ತದೆ: ತನಗೆ ಮತ ಹಾಕಿದ ಮನೆಯವರೇ ಬಂದು, ಮಗನ ಕಾಗದದಲ್ಲಿ ‘ಆತ್ಮಹತ್ಯೆ’ ಎಂದು ಬರೆಯಬೇಡ, ‘ಅಪಘಾತ’ ಎಂದು ಬರೆ ಎಂದು ಕೈಮುಗಿದಾಗ ಇಲ್ಲವೆನ್ನಬೇಕು. ಹಾಗೆನ್ನುವುದು ಅವಳಿಂದ ಆಗದೆಂದಾದರೆ, ನಿಲ್ಲುವುದು ಬೇಡ.

ಪ್ರಶ್ನೆ: ಬ್ರಿಟಿಷರು ಎಲ್ಲವನ್ನೂ ತಂದರು, ಕೊರೊನರನ್ನು ಯಾಕೆ ತರಲಿಲ್ಲ?
— ಕಾರವಾರದ ಓದುಗರು

ಉತ್ತರ: ತಂದಿದ್ದರು. 1871ರ ಕೊರೊನರ್ ಕಾಯ್ದೆ ಕಲ್ಕತ್ತ, ಮುಂಬಯಿಯಂಥ ಪ್ರೆಸಿಡೆನ್ಸಿ ಪಟ್ಟಣಗಳಿಗೆಂದೇ ಬಂದದ್ದು. ಮುಂಬಯಿಯಲ್ಲಿ ಆ ಹುದ್ದೆ 1999ರವರೆಗೂ ಇತ್ತು. ಆದರೆ ಅವರು ನೇಮಕವಾದವರು, ಜನ ಆರಿಸಿದವರಲ್ಲ. ಅಧಿಕಾರವೂ ನಗರದ ಗಡಿಯೊಳಗೆ ಮಾತ್ರ. ನಿಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿಯೇ ಇತ್ತಾದರೂ ಕಾರವಾರದ ಕಡಲದಂಡೆಯಲ್ಲಿ ಸಿಕ್ಕ ಹೆಣಕ್ಕೆ ಮುಂಬಯಿಯ ಕೊರೊನರ್ ಸಂಬಂಧಪಟ್ಟವರಾಗಿರಲಿಲ್ಲ. ಇಲ್ಲಿ ಪೊಲೀಸರೇ ಪಂಚರ ಸಮಕ್ಷಮ ಮಹಜರು ಮಾಡುತ್ತಿದ್ದರು, ಇಂದಿಗೂ ಅದೇ ಪದ್ಧತಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಪೊಲೀಸರ ಮಹಜರಿಗಿದ್ದ 174ನೆಯ ಕಲಮು 194 ಆಗಿದೆ, ಮ್ಯಾಜಿಸ್ಟ್ರೇಟ್ ವಿಚಾರಣೆಗೆ 176 ಇದ್ದದ್ದು 196 ಆಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರ ಮಹಜರು ಸಾಲದು, ಮ್ಯಾಜಿಸ್ಟ್ರೇಟ್ ಅಧಿಕಾರವಿರುವವರು ಮಾಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ಕಸ್ಟಡಿಯಲ್ಲಾದ ಸಾವಿಗೂ ಪ್ರತ್ಯೇಕವಾಗಿ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಅಂದರೆ ಅಮೆರಿಕದವರು ಮತಪೆಟ್ಟಿಗೆಯ ಮೂಲಕ ಪೊಲೀಸರಿಂದ ದೂರವಿಡಲು ಹೊರಟದ್ದನ್ನು ನಾವು ಕೆಲವು ಬಗೆಯ ಸಾವುಗಳಲ್ಲಿ ಮಾತ್ರ, ಅಧಿಕಾರಿಯನ್ನು ಬದಲಿಸಿ ಸಾಧಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಡೆ ಅಡಿಕೆ ಕೊನೆ ಕೊಯ್ಯಲು ಮರ ಹತ್ತಿದ್ದ ಕೊನೆಗೌಡರೊಬ್ಬರು ಬಿದ್ದು ತೀರಿಕೊಂಡರು. ಪೋಸ್ಟ್‌ಮಾರ್ಟಂ ಎಂದರೆ ದೇಹ ಕೈಗೆ ಸಿಗುವಾಗ ಸಂಜೆಯಾಗುತ್ತದೆ, ಸುಮ್ಮನೆ ಸುಟ್ಟುಬಿಡೋಣ ಎಂದು ಮನೆಯವರು ಹಟ ಹಿಡಿದರು. ಬಿದ್ದದ್ದನ್ನು ಕಣ್ಣಾರೆ ಕಂಡವರಿರುವಾಗ ಅದು ನಿಜಕ್ಕೂ ಬೇಕೇ? ಅಮೆರಿಕದ ಕೊರೊನರ್ ಆದರೆ ಬಿಡುತ್ತಿದ್ದರೇ?
— ಯಲ್ಲಾಪುರದ ಓದುಗರು

ಉತ್ತರ: ಬೇಕು. ಮರದಿಂದ ಬಿದ್ದದ್ದನ್ನು ಕಂಡವರಿದ್ದಾರೆ, ಯಾಕೆ ಬಿದ್ದರೆಂದು ಕಂಡವರಿಲ್ಲ. ಕೈಜಾರಿ ಬಿದ್ದು ತಲೆಗೆ ಪೆಟ್ಟಾಗಿ ಸತ್ತರೋ, ಮರದ ಮೇಲಿರುವಾಗಲೇ ಹೃದಯಾಘಾತವಾಗಿ ಕೆಳಕ್ಕೆ ಬಂದರೋ ಎಂಬುದು ಹೊರಗಿನಿಂದ ತಿಳಿಯುವಂಥದ್ದಲ್ಲ. ಮೊದಲನೆಯದು ಅಪಘಾತ. ಎರಡನೆಯದಾಗಿದ್ದರೆ ಅದನ್ನು ಸಹಜ ಸಾವೆಂದು ವಾದಿಸಲು ವಿಮೆಯವರಿಗೆ ಅವಕಾಶ ಸಿಗುತ್ತದೆ. ಅಪಘಾತ ವಿಮೆಯಾಗಲಿ ಸರ್ಕಾರದ ಪರಿಹಾರವಾಗಲಿ ಸಿಗುವುದು ಬಿಡುವುದು ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ, ಮತ್ತು ಸುಟ್ಟ ಮೇಲೆ ಆ ಸಾಲನ್ನು ಬರೆಯಿಸಿಕೊಳ್ಳಲು ದಾರಿಯೇ ಇಲ್ಲ. ಕೊರೊನರ್ ವ್ಯವಸ್ಥೆಯಲ್ಲಿಯೂ ಸಾವಿನ ಕಾರಣ ಬೇರೆ, ಸಾವಿನ ಬಗೆ ಬೇರೆ ಎಂದು ಎರಡು ಅಂಕಣಗಳಿವೆ. ತಲೆಬುರುಡೆ ಒಡೆದದ್ದು ಕಾರಣ. ಸಹಜ, ಅಪಘಾತ, ಆತ್ಮಹತ್ಯೆ, ಇನ್ನೊಬ್ಬರ ಕೈಯಿಂದ ಆದದ್ದು, ನಿರ್ಧರಿಸಲಾಗದ್ದು ಎಂಬ ಐದರಲ್ಲಿ ಒಂದು ಬಗೆ. ಅಲ್ಲಿಯ ವಿಮಾ ಕಂಪನಿಗಳೂ ಮೊದಲು ಕೇಳುವುದು ಬಗೆಯನ್ನೇ.

ನಿಮ್ಮವರು ಮಾಡಬೇಕಾದದ್ದು ಇಷ್ಟು: ಠಾಣೆಗೆ ತಿಳಿಸಿ ಅಸ್ವಾಭಾವಿಕ ಮರಣ ಪ್ರಕರಣ ದಾಖಲಿಸಬೇಕು. ಮಹಜರಿಗೆ ಸಹಿ ಹಾಕುವ ಪಂಚರು ಓದಿ ಸಹಿ ಹಾಕಬೇಕು. ಪೊಲೀಸರು ಬರೆದುಕೊಂಡು ಬಂದ ಹಾಳೆಯ ಅಡಿಯಲ್ಲಿ ಹೆಸರು ಗೀಚಿ ತೋಟಕ್ಕೆ ಮರಳುವ ರೂಢಿ ನಮ್ಮ ಕಡೆ ಬಹಳ. ದೇಹ ಎಲ್ಲಿ, ಯಾವ ದಿಕ್ಕಿಗೆ ತಲೆಯಾಗಿ ಬಿದ್ದಿತ್ತು, ಸೊಂಟದ ಹಗ್ಗ ಹರಿದಿತ್ತೋ ಬಿಚ್ಚಿತ್ತೋ, ಮರ ಒದ್ದೆಯಾಗಿತ್ತೋ ಎಂಬುದೆಲ್ಲ ಅದರಲ್ಲಿ ಬರಬೇಕು. ಇನ್ನು ಅಮೆರಿಕದಲ್ಲಿ ಬಿಡುತ್ತಿದ್ದರೇ ಎಂದರೆ, ಕೆಲವು ಕೌಂಟಿಗಳಲ್ಲಿ ಬಿಡುತ್ತಿದ್ದರು ಎಂದೇ ಹೇಳಬೇಕಾಗುತ್ತದೆ. ಪರೀಕ್ಷೆಯ ಖರ್ಚು ಕೌಂಟಿಯ ಮೇಲೆ ಬೀಳುವ ಕಡೆಗಳಲ್ಲಿ, ದೂರದ ನಗರಕ್ಕೆ ದೇಹ ಸಾಗಿಸುವ ಬದಲು ಹೊರಗಿನಿಂದ ನೋಡಿಯೇ ಬರೆದು ಮುಗಿಸುವ ಕೊರೊನರ್‌ಗಳ ಮೇಲೆ ದೂರುಗಳಿವೆ.

ಪ್ರಶ್ನೆ: ಶಿರೂರಿನ ಗುಡ್ಡ ಕುಸಿತದಂಥ ದುರಂತದಲ್ಲಿ ದೇಹವೇ ಸಿಗದಿದ್ದರೆ ಯಾರು ಸಾವನ್ನು ನಿರ್ಧರಿಸಬೇಕು?
— ಅಂಕೋಲಾದ ಓದುಗರು

ಉತ್ತರ: 2024ರ ಜುಲೈ 16ರಂದು ಅಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಗಂಗಾವಳಿ ನದಿಗೆ ಇಳಿದಾಗ, ಲಾರಿಯೊಂದನ್ನು ಅದರೊಳಗಿದ್ದ ಚಾಲಕನ ದೇಹದೊಂದಿಗೆ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು, ಗುರುತಿಗೆ ಡಿಎನ್‌ಎ ಪರೀಕ್ಷೆಯೇ ಆಗಬೇಕಾಯಿತು. ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯಲ್ಲಿ 2018ರ ನವೆಂಬರಿನ ಕಾಡ್ಗಿಚ್ಚು ಪ್ಯಾರಡೈಸ್ ಎಂಬ ಊರನ್ನೇ ಸುಟ್ಟು 85 ಮಂದಿ ಸತ್ತಾಗಲೂ ಸುಟ್ಟ ಅವಶೇಷಗಳ ಗುರುತಿಗೆ ಡಿಎನ್‌ಎ ನೆರವಾಯಿತು. ಅಲ್ಲಿ ಹೊಣೆ ಹೊತ್ತದ್ದು ಕೊರೊನರ್ ಕೂಡ ಆಗಿದ್ದ ಶೆರಿಫ್.

ಏನೂ ಸಿಗದಿದ್ದರೆ ನಮ್ಮ ಸಾಮಾನ್ಯ ಕಾನೂನು ಏಳು ವರ್ಷ ಕಾಯಿಸುತ್ತದೆ: ಅಷ್ಟು ಕಾಲ, ಸುದ್ದಿ ಬರಬೇಕಾದವರಿಗೇ ಸುದ್ದಿ ಇಲ್ಲದಿದ್ದರೆ ವ್ಯಕ್ತಿ ಬದುಕಿದ್ದಾನೆಂದು ತೋರಿಸುವ ಹೊಣೆ ಹಾಗೆ ಹೇಳುವವರ ಮೇಲೆ ಬೀಳುತ್ತದೆ. ದೊಡ್ಡ ದುರಂತಗಳಲ್ಲಿ ಸರ್ಕಾರ ಈ ಕಾಯುವಿಕೆಯನ್ನು ಮೊಟಕುಗೊಳಿಸಬಲ್ಲದು. 2013ರ ಉತ್ತರಾಖಂಡದ ಪ್ರವಾಹ ಮತ್ತು 2021ರ ಚಮೋಲಿ ದುರಂತದ ನಂತರ, ಕಾಣೆಯಾದವರ ಬಗ್ಗೆ ವಿಚಾರಣೆ ನಡೆಸಿ, ಆಕ್ಷೇಪಣೆ ಕರೆದು, ಮರಣ ನೋಂದಣಿ ಮಾಡುವ ವಿಶೇಷ ವಿಧಾನವನ್ನು ಅನುಸರಿಸಲಾಯಿತು. ಅದಕ್ಕೆಲ್ಲ ಮೊದಲ ಕಾಗದ ಪೊಲೀಸ್ ಠಾಣೆಯಲ್ಲಿ ಕೊಡುವ ಕಾಣೆಯಾದವರ ದೂರು. ಮನೆಯವರು ಆಸೆ ಬಿಡಲಾಗದೆ ಅದನ್ನು ಮುಂದೂಡುತ್ತಾರೆ. ದೂರು ಕೊಟ್ಟರೆ ಸಾವನ್ನು ಒಪ್ಪಿಕೊಂಡಂತಲ್ಲ ಎಂದು ತಿಳಿಸಿ, ಆ ವಾರದಲ್ಲಿಯೇ ಬರೆಸಿ ಸ್ವೀಕೃತಿ ಪ್ರತಿ ಇಟ್ಟುಕೊಳ್ಳುವಂತೆ ಹೇಳಿ.