ವಾರ್ಡ್ ಅಂದರೆ ಹೊಟ್ಟೆನೋವು: ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಇವಳನ್ನು ಪ್ರಮೀಳಾ ಅಂತ ಕರೆಯೋಣ. ಹೆಸರು, ಊರು, ಗುರುತು ಹಿಡಿಯಬಹುದಾದ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. "ನನ್ನ ಹಾಗೆ ಇರುವವರು ಓದಲಿ ಮೇಡಂ" ಎಂದವಳೂ ಅವಳೇ.

ವಯಸ್ಸು 20. ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟವಿದೆ, ಅಮ್ಮ ಬೀಡಿ ಕಟ್ಟುತ್ತಾರೆ. ಮನೆಮಾತು ತುಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಕಾಲೇಜು ಇರುವುದು ಕೇರಳದ ತೆಂಕು ಭಾಗದಲ್ಲಿ. ಫೀಸಿಗೆ ಬ್ಯಾಂಕ್ ಸಾಲ ಮಾಡಿದ್ದಾರೆ. ಓದು ಮುಗಿದ ಮೇಲೆ ವಿದೇಶಕ್ಕೆ ಹೋಗಿ ಸಾಲ ತೀರಿಸುವುದು ಎಂದು ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿದ್ದರು. ನಮ್ಮ ಕಡೆ ಹೀಗೆ ಲೆಕ್ಕ ಹಾಕಿ ಮಕ್ಕಳನ್ನು ನರ್ಸಿಂಗಿಗೆ ಕಳಿಸುವ ಮನೆಗಳು ತುಂಬ ಇವೆ.

ಓಣಂ ರಜೆಗೆ ಬಂದವಳು ವಾಪಸ್ ಹೋಗಲು ಒಪ್ಪುತ್ತಿಲ್ಲ ಎಂದು ಅಮ್ಮ ಆಪ್ತಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದರು. ಕೇಳಿದರೆ ಹೊಟ್ಟೆನೋವು ಅನ್ನುತ್ತಾಳೆ. ಮಂಗಳೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದಾಯಿತು, ರಕ್ತಪರೀಕ್ಷೆ ಆಯಿತು, ಎಲ್ಲ ಸರಿ ಇದೆ. ಮಧೂರಿನ ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡದ್ದೂ ಆಯಿತು. "ಎಂತ ಆಗಿದೆ ಅಂತ ಬಾಯಿ ಬಿಡುವುದಿಲ್ಲ ಮೇಡಂ. ಅಲ್ಲಿ ಯಾರಾದರೂ ತೊಂದರೆ ಕೊಡ್ತಾರಾ ಅಂತ ಕೇಳಿದರೆ ಅಳ್ತಾಳೆ" ಎಂದರು ಅಮ್ಮ.

ಅಮ್ಮ ಹೊರಗೆ ಕೂತ ಮೇಲೂ ಪ್ರಮೀಳಾ ಬಹಳ ಹೊತ್ತು ಹೊಟ್ಟೆಯ ಬಗ್ಗೆಯೇ ಮಾತಾಡಿದಳು. ನೋವು ಯಾವಾಗ ಶುರುವಾಗುತ್ತದೆ ಎಂದು ಕೇಳಿದೆ. ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗ. ಕ್ಲಾಸ್ ಮಾತ್ರ ಇರುವ ದಿನ? ಬರುವುದಿಲ್ಲ. ಪೋಸ್ಟಿಂಗ್, ಅಂದರೆ ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡಿ ಕಲಿಯುವುದು, ಇದ್ದ ದಿನ ಮಾತ್ರ. ಹೊಟ್ಟೆನೋವು ನಾಟಕ ಅಲ್ಲ, ನಿಜವಾದ ನೋವೇ. ಹೆದರಿದ ಮೈ ಹಾಗೇ ಮಾಡುತ್ತದೆ. ಅದನ್ನು ಹೇಳಿದ ಮೇಲೆ ಅವಳ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಇನ್ಸುಲಿನ್ ವಿಷಯ ಹೊರಗೆ ಬಂತು.

ವಿಷಯ ಇದು. ಮೆಡಿಸಿನ್ ವಾರ್ಡಿನಲ್ಲಿ ಒಬ್ಬ ಅಜ್ಜನಿಗೆ 16 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಬಳಕೆಯಲ್ಲಿವೆ. ಕೆಂಪು ಮುಚ್ಚಳದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ. ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ಬಾಟಲಿ 40ರದ್ದು. ಇವಳ ಕೈಗೆ ಸಿಕ್ಕಿದ್ದು ಕಿತ್ತಳೆ ಮುಚ್ಚಳದ ಸಿರಿಂಜ್. ಅದರಲ್ಲಿ 16ರ ಗೆರೆಯವರೆಗೆ ತುಂಬಿದರೆ ರೋಗಿಗೆ ಸಿಗುವುದು 6.4 ಯೂನಿಟ್, ಅಂದರೆ ಅರ್ಧಕ್ಕಿಂತ ಕಡಿಮೆ. ಅದಲು ಬದಲಾಗಿ 100ರ ಇನ್ಸುಲಿನನ್ನು ಕೆಂಪು ಸಿರಿಂಜಿನಲ್ಲಿ ತೆಗೆದಿದ್ದರೆ ಎರಡೂವರೆ ಪಟ್ಟು ಹೋಗುತ್ತಿತ್ತು. ಸಕ್ಕರೆ ಕುಸಿದು ಜೀವಕ್ಕೇ ಅಪಾಯ.

ಚುಚ್ಚುವ ಮೊದಲೇ ಇನ್‌ಚಾರ್ಜ್ ಸಿಸ್ಟರ್ ನೋಡಿ ತಡೆದರು. ಅಜ್ಜನಿಗೆ ಏನೂ ಆಗಲಿಲ್ಲ. ಆದರೆ ರೋಗಿಗಳು, ಅವರನ್ನು ನೋಡಿಕೊಳ್ಳಲು ಇರುವ ಬೈಸ್ಟಾಂಡರ್‌ಗಳು, ಜೊತೆಯ ಮಕ್ಕಳು ಎಲ್ಲರ ಎದುರಿಗೆ ಅವರು ಬೈದರು. ಕನ್ನಡ ಮೀಡಿಯಂನವರನ್ನು ಯಾಕೆ ಇಲ್ಲಿಗೆ ಕಳಿಸುತ್ತಾರೆ ಎಂದೂ ಹೇಳಿದರು. ಅವಳ ಕಾಸರಗೋಡಿನ ಮಲಯಾಳಂ ಕೇಳಿ ಮೊದಲೇ ಕೆಲವರು ನಗುತ್ತಿದ್ದರು. ಅವತ್ತಿನಿಂದ ಅವಳು ವಾರ್ಡಿನಲ್ಲಿ ಬಾಯಿ ಮುಚ್ಚಿದಳು. ಗೊತ್ತಿಲ್ಲದ್ದನ್ನು ಕೇಳುವುದನ್ನು ಬಿಟ್ಟಳು. ಇಂಜೆಕ್ಷನ್ ಸರದಿ ಬಂದರೆ ಗೆಳತಿಗೆ ದಾಟಿಸಿ, ಬದಲಿಗೆ ಆ ಗೆಳತಿಯ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ತಾನು ಬರೆದು ಕೊಡುತ್ತಿದ್ದಳು. ರಾತ್ರಿ ಒಂದೂವರೆವರೆಗೆ ಬರೆಯುವುದು, ಐದಕ್ಕೆ ಏಳುವುದು. ನಿದ್ದೆ ಬಂದರೆ ಕನಸಿನಲ್ಲೂ ಸಿರಿಂಜ್.

"ಬೆಳಿಗ್ಗೆ ಎದ್ದೇಳದೆ ಇದ್ದರೆ ಎಷ್ಟು ಒಳ್ಳೇದು ಅನ್ನಿಸ್ತದೆ" ಎಂದಳು.

ಇಂಥ ಮಾತು ಬಂದಾಗ ನಾನು ಸುತ್ತಿಬಳಸಿ ಕೇಳುವುದಿಲ್ಲ. ಸಾಯಬೇಕು ಅನ್ನಿಸಿದೆಯಾ, ಅದಕ್ಕೆ ಏನಾದರೂ ಯೋಚನೆ ಮಾಡಿದ್ದೀಯಾ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂದು ಅಪ್ಪ ಅಮ್ಮ ಹೆದರುತ್ತಾರೆ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹಾಗೆ ಆಗುವುದು ಕಂಡಿಲ್ಲ. ಕೇಳಿದವರ ಹತ್ತಿರ ಮಾತಾಡಲು ದಾರಿಯಾಗುತ್ತದೆ, ಅಷ್ಟೆ. ಪ್ರಮೀಳಾಗೆ ಆ ಯೋಚನೆ ಬಂದು ಹೋಗುತ್ತಿತ್ತು, ಯೋಜನೆ ಇರಲಿಲ್ಲ. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ 27ಕ್ಕೆ 16 ಅಂಕ ಬಂತು. ಪ್ರಶ್ನಾವಳಿಯಿಂದಲೇ ಕಾಯಿಲೆ ಎಂದು ತೀರ್ಮಾನಿಸಲು ಆಗುವುದಿಲ್ಲ. ಆದರೆ ಮಾತು ಮಾತ್ರ ಸಾಕಾಗದು, ಮನೋವೈದ್ಯರು ನೋಡಲೇಬೇಕು ಎನ್ನುವಷ್ಟು ಇತ್ತು.

ಅವಳು ಮೊದಲು ಒಪ್ಪಲಿಲ್ಲ. "ಅಲ್ಲಿ ಹೋದರೆ ರೆಕಾರ್ಡ್ ಆಗ್ತದೆ. ನಾಳೆ ರಿಜಿಸ್ಟ್ರೇಷನ್, ವೀಸಾ ಎಲ್ಲಕ್ಕೂ ತೊಂದರೆ" ಎಂದಳು. ಈ ಹೆದರಿಕೆ ಅವಳೊಬ್ಬಳದ್ದಲ್ಲ. 2016ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ದೊಡ್ಡ ಸಮೀಕ್ಷೆ ಬಂತು. 43 ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದು. ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣ ಇತ್ತು. ಅಂಥವರಲ್ಲಿ ಚಿಕಿತ್ಸೆಗೆ ಹೋದವರು ಶೇ. 15.7 ಮಾತ್ರ. ನರ್ಸಿಂಗ್ ವಿದ್ಯಾರ್ಥಿಗಳ ಬಗ್ಗೆ 2018ರಲ್ಲಿ ಬಂದ ಇಂಥದೇ ವಿಶ್ಲೇಷಣೆಯಲ್ಲಿ ಖಿನ್ನತೆಯ ಪ್ರಮಾಣ ಶೇ. 34. ನಮ್ಮ ದೇಶದಲ್ಲೇ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಆನ್‌ಲೈನ್ ಸಮೀಕ್ಷೆ ಮಾಡಿತು. ಉತ್ತರಿಸಿದ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ಸಮಸ್ಯೆ ಇರುವುದು ಪತ್ತೆಯಾಗಿದೆ ಎಂದು ಹೇಳಿಕೊಂಡರು. ಆನ್‌ಲೈನ್ ಸಮೀಕ್ಷೆಗೆ ಕಷ್ಟ ಇದ್ದವರೇ ಜಾಸ್ತಿ ಉತ್ತರಿಸಿರಬಹುದು, ಅದೂ ನಿಜ. ಆದರೂ ಇಷ್ಟು ಮಕ್ಕಳು ರೋಗಿಗಳ ಪಕ್ಕದಲ್ಲೇ ನಿಂತು ತಮ್ಮ ಕಾಯಿಲೆ ಮುಚ್ಚಿಡುತ್ತಿದ್ದಾರೆ ಅಂದರೆ ಸಂಕಟವಾಗುತ್ತದೆ ಅಲ್ವಾ?

ಅವಳಿಗೆ ನಾನು ಹೇಳಿದ್ದು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ರೋಗಿಯ ಹಕ್ಕು. ಕಾನೂನಿನಲ್ಲಿ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ವೈದ್ಯರು ಕಾಲೇಜಿಗೆ ಹೇಳುವಂತಿಲ್ಲ. ನಾನೂ ಹೇಳುವುದಿಲ್ಲ. ಜೀವಕ್ಕೆ ಅಪಾಯ ಇದೆ ಎಂದು ಕಂಡರೆ ಮಾತ್ರ ಅಮ್ಮನಿಗೆ ಹೇಳುತ್ತೇನೆ, ಅದೂ ನಿನಗೆ ತಿಳಿಸಿಯೇ. ಎರಡು ದಿನ ಯೋಚಿಸಿ ಒಪ್ಪಿದಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ನಲ್ಲಿ ವೈದ್ಯರು ನೋಡಿ ಮಾತ್ರೆ ಶುರು ಮಾಡಿದರು. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಸುಮ್ನೆ ಬಿಡಬಾರದು ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಮೊದಲ ವಾರದಲ್ಲೇ ಬಿಡುತ್ತಿದ್ದಳು. ಮನಸ್ಸು ತೀರಾ ಕುಸಿದಾಗ ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ ಎಂದು ಅವಳ ಕೈಯಿಂದಲೇ ಬರೆಸಿ ಮೊಬೈಲ್‌ನಲ್ಲಿ ಇಡಿಸಿದೆ. ಕೊನೆಯಲ್ಲಿ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಕೇರಳದ ದಿಶಾ ಸಹಾಯವಾಣಿ 1056. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇದು ಅವಳಿಗೆ ಬಹಳ ಮುಖ್ಯವಾಗಿತ್ತು.

ಇನ್ನು ಸಿರಿಂಜಿನ ವಿಷಯ. ಆ ದಿನದ ಕಥೆಯನ್ನು ಅವಳು ಯಾವಾಗಲೂ "ನಾನು ದಡ್ಡಿ" ಎಂಬಲ್ಲಿಂದ ಶುರು ಮಾಡುತ್ತಿದ್ದಳು. ಅದನ್ನು ಬಿಟ್ಟು, ನಡೆದದ್ದನ್ನು ಮಾತ್ರ ಒಂದೊಂದಾಗಿ ಬರೆಯಲು ಹೇಳಿದೆ. ಬರೆಯುತ್ತ ಹೋದಂತೆ ಬೇರೆ ಸಂಗತಿಗಳು ಕಂಡವು. ಎರಡೂ ಬಗೆಯ ಸಿರಿಂಜ್ ಒಂದೇ ಟ್ರೇಯಲ್ಲಿ ಇದ್ದವು. ಇನ್ಸುಲಿನ್ ತೆಗೆದ ಮೇಲೆ ಇನ್ನೊಬ್ಬರು ನೋಡಬೇಕು ಎಂದು ಕ್ಲಾಸಿನಲ್ಲಿ ಕಲಿಸಿದ್ದರು, ವಾರ್ಡಿನಲ್ಲಿ ಯಾರಿಗೂ ಅದಕ್ಕೆ ಪುರುಸೊತ್ತು ಇರಲಿಲ್ಲ. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿದ್ದು ಮೂರು ಗಂಟೆ. ನಿದ್ದೆಗೆಡುವುದು ಸಣ್ಣ ವಿಷಯವಲ್ಲ. 2004ರಲ್ಲಿ ಅಮೆರಿಕದಲ್ಲಿ ತೀವ್ರ ನಿಗಾ ಘಟಕದ ಇಂಟರ್ನ್ ವೈದ್ಯರ ಮೇಲೆ ಒಂದು ಅಧ್ಯಯನ ನಡೆಯಿತು. 24 ಗಂಟೆಗೂ ಮೀರಿದ ಪಾಳಿ ಇದ್ದಾಗ, ಪಾಳಿ ಕಡಿಮೆ ಮಾಡಿದ್ದಕ್ಕೆ ಹೋಲಿಸಿದರೆ, ಗಂಭೀರ ತಪ್ಪುಗಳು ಸುಮಾರು ಶೇ. 36 ಜಾಸ್ತಿ ಇದ್ದವು. ಇದನ್ನೆಲ್ಲ ಹೇಳಿದ್ದು ತಪ್ಪನ್ನು ಅವಳ ತಲೆಯಿಂದ ಇಳಿಸಿ ಬೇರೆಯವರ ತಲೆಗೆ ಹಾಕಲು ಅಲ್ಲ. ಮುಚ್ಚಳದ ಬಣ್ಣ ನೋಡುವುದು ಅವಳ ಕೆಲಸವೇ. ಅದನ್ನು ಅವಳೂ ಒಪ್ಪುತ್ತಾಳೆ. ಆದರೆ ದಡ್ಡತನ ಎಂದು ಹೆಸರಿಟ್ಟರೆ ಮುಂದಿನ ಸಲಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಟ್ರೇ, ನಿದ್ದೆ, ಇನ್ನೊಬ್ಬರ ಕಣ್ಣು, ಇವನ್ನು ಬದಲಾಯಿಸಬಹುದು.

ವಾರ್ಡಿಗೆ ಮರಳುವುದನ್ನು ಹಂತ ಹಂತವಾಗಿ ಮಾಡಿದೆವು. ಮೊದಲ ವಾರ ಬಿಪಿ, ಟೆಂಪರೇಚರ್. ಆಮೇಲೆ ಟ್ಯೂಟರ್ ಪಕ್ಕದಲ್ಲಿದ್ದಾಗ ಸಾದಾ ಇಂಜೆಕ್ಷನ್. ಕೊನೆಗೆ ಇನ್ಸುಲಿನ್: ಬಾಟಲಿಯ ಮೇಲಿನ ಅಂಕೆ, ಮುಚ್ಚಳದ ಬಣ್ಣ, ಯೂನಿಟ್, ಮೂರನ್ನೂ ಗಟ್ಟಿಯಾಗಿ ಓದಿ ಇನ್ನೊಬ್ಬರಿಗೆ ತೋರಿಸಿಯೇ ಕೊಡುವುದು. ಗೆಳತಿಗೆ ಸರದಿ ದಾಟಿಸುವುದು ಬಂದ್. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ. ಹ್ಯಾಂಡ್‌ಓವರ್, ಅಂದರೆ ಪಾಳಿ ಬದಲಾಗುವಾಗ ರೋಗಿಯ ವಿವರ ಹೇಳಿ ಒಪ್ಪಿಸುವುದು, ಅವಳಿಗೆ ಇನ್ನೊಂದು ಭೂತ. ರೋಗಿ ಯಾರು, ಈಗ ಏನು ತೊಂದರೆ, ಏನು ಕೊಟ್ಟಿದ್ದೇವೆ, ಮುಂದೆ ಏನು ನೋಡಬೇಕು ಎಂಬ ನಾಲ್ಕು ಸಾಲನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಮಲಯಾಳಂನಲ್ಲಿ, ಇಂಗ್ಲಿಷ್‌ನಲ್ಲಿ ಹೇಳಿ ಅಭ್ಯಾಸ ಮಾಡಿದಳು. ನನ್ನ ಕೋಣೆಯಲ್ಲಿ ನಾನೇ ಇನ್‌ಚಾರ್ಜ್ ಸಿಸ್ಟರ್ ಆಗಿ ಕೂತೆ. ಔಷಧದ ನೋಟ್ಸ್ ಕನ್ನಡದಲ್ಲಿ ಬರೆದುಕೊಂಡರೆ ನಾಚಿಕೆಪಡಬೇಕಾದ್ದಿಲ್ಲ. ಯಾವ ಭಾಷೆಯಲ್ಲಿ ಅರ್ಥವಾಗುತ್ತದೋ ಅದರಲ್ಲಿ ಕಲಿತರೆ ರೋಗಿಗೂ ಕ್ಷೇಮ.

ಅವಳ ಒಪ್ಪಿಗೆ ಪಡೆದು ಕ್ಲಾಸ್ ಟ್ಯೂಟರ್ ಜೊತೆ ಮಾತಾಡಿದೆ. ಖಿನ್ನತೆ, ಮಾತ್ರೆ ಯಾವುದನ್ನೂ ಹೇಳಲಿಲ್ಲ, ಆ ದಿನದ ಘಟನೆ ಮಾತ್ರ. "ನಾವು ಕಲಿಯುವಾಗ ಇದಕ್ಕಿಂತ ಜಾಸ್ತಿ ಬೈಸಿಕೊಂಡಿದ್ದೇವೆ" ಎಂದರು. ಹಾಗೆ ಬೈಸಿಕೊಂಡವರು ಎಷ್ಟು ತಪ್ಪುಗಳನ್ನು ಯಾರಿಗೂ ಹೇಳದೆ ನುಂಗಿರಬಹುದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದರು. ಆಗ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿಯ ಕೆಲಸದ ಬಗ್ಗೆ ಹೇಳಿದೆ. ಎರಡು ಆಸ್ಪತ್ರೆಗಳ ಎಂಟು ನರ್ಸಿಂಗ್ ಘಟಕಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅವರು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂದುಕೊಂಡಿದ್ದರು. ಲೆಕ್ಕದಲ್ಲಿ ಜಾಸ್ತಿ ಕಂಡಿತು. ಹುಡುಕಿದರೆ, ಅಲ್ಲಿ ಮೇಲಿನವರಿಗೆ ಹೆದರದೆ ಎಲ್ಲರೂ ತಪ್ಪನ್ನು ಹೇಳುತ್ತಿದ್ದರು. ಹೆದರಿಕೆ ಇದ್ದ ಕಡೆ ತಪ್ಪುಗಳು ಹೊರಗೇ ಬರುತ್ತಿರಲಿಲ್ಲ.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಮಗುವಿಗೆ ಯೋಗ ಕಲಿಸಿ, ಉಸಿರಾಟದ ಅಭ್ಯಾಸ ಕೊಟ್ಟು, ಗಟ್ಟಿಯಾಗು ಎಂದು ಅದೇ ವಾರ್ಡಿಗೆ ಕಳಿಸಿದರೆ ಸಾಕೇ? ಉಸಿರಾಟದ ಅಭ್ಯಾಸ ನಾನೂ ಕೊಡುತ್ತೇನೆ, ಅದರಿಂದ ಉಪಯೋಗ ಇದೆ. ಆದರೆ ವೈದ್ಯರ ದಣಿವಿನ ಬಗ್ಗೆ 2017ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ, ಒಬ್ಬೊಬ್ಬರಿಗೆ ಕೊಡುವ ತರಬೇತಿಗಿಂತ ಕೆಲಸದ ವ್ಯವಸ್ಥೆಯನ್ನೇ ಬದಲಿಸಿದಾಗ ಜಾಸ್ತಿ ಗುಣ ಕಂಡಿತ್ತು. ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಮೊದಲ ಎರಡು ವರ್ಷ ಗ್ರೇಡ್ ತೆಗೆದು ಪಾಸ್ ಅಥವಾ ಫೇಲ್ ಮಾತ್ರ ಇಟ್ಟಾಗ ಮಕ್ಕಳ ಮನಸ್ಸಿನ ಸ್ಥಿತಿ ಸುಧಾರಿಸಿತು, ಕಲಿಕೆ ಕೆಡಲಿಲ್ಲ. "ನನಗೆ ಗೊತ್ತಿಲ್ಲ, ತೋರಿಸಿಕೊಡಿ" ಎಂದು ಹೇಳಲು ಜಾಗ ಇಲ್ಲದ ಕಡೆ ಯಾವ ಮಗುವೂ ಒಳ್ಳೆಯ ನರ್ಸ್ ಆಗಲಾರದು.

ಟ್ಯೂಟರ್ ಮಾಡಿದ್ದು ಸಣ್ಣ ಕೆಲಸ. ಪೋಸ್ಟಿಂಗ್ ಮುಗಿದ ಮೇಲೆ ಮಕ್ಕಳನ್ನು ಬದಿಯ ಕೋಣೆಗೆ ಕರೆದು, ಇವತ್ತು ಏನು ತಪ್ಪಾಯಿತು, ಏನು ತಪ್ಪಾಗುವುದರಲ್ಲಿತ್ತು ಎಂದು ಹತ್ತು ನಿಮಿಷ ಕೇಳಲು ಶುರು ಮಾಡಿದರು. ಮೊದಲ ದಿನ ತಮ್ಮದೇ ಹಳೆಯ ಒಂದು ತಪ್ಪನ್ನು ಹೇಳಿದರಂತೆ. ಸಿರಿಂಜ್‌ಗಳು ಬೇರೆ ಬೇರೆ ಟ್ರೇಗೆ ಹೋದವು.

ಅಪ್ಪ ಅಮ್ಮನ ಜೊತೆಗಿನ ಮಾತು ಬೇಗ ಮುಗಿಯಿತು. ದಿನಾ ಫೋನಿನಲ್ಲಿ ಮಾರ್ಕಿನ ಬಗ್ಗೆ, ಸಾಲದ ಕಂತಿನ ಬಗ್ಗೆ ಮಾತು ಬೇಡ ಎಂದೆ. ಊಟ ಆಯ್ತಾ, ಎಷ್ಟು ಗಂಟೆಗೆ ಮಲಗಿದೆ ಎಂದು ಕೇಳಿ. ಅಪ್ಪ ಒಂದು ಮಾತು ಹೇಳಿದರು, ಅದು ಅವಳಿಗೆ ಮಾತ್ರೆಯಷ್ಟೇ ಕೆಲಸ ಮಾಡಿತು ಎಂದು ನನ್ನ ನಂಬಿಕೆ: "ಸಾಲ ನನ್ನ ಹೆಸರಲ್ಲಿ ಉಂಟು ಮಗಾ, ಅದು ನನ್ನ ತಲೆಬಿಸಿ. ನೀನು ಓದು, ಆಗದಿದ್ದರೆ ಮನೆಗೆ ಬಾ."

ಓದುವ ಮಕ್ಕಳು ಒಂದು ವಿಷಯ ತಿಳಿದಿರಬೇಕು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರು ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ನಿರ್ದೇಶನ ಕೊಟ್ಟಿದೆ. ನಿಮ್ಮ ಕಾಲೇಜಿನಲ್ಲಿ ಅದು ಯಾರು, ಎಲ್ಲಿ ಸಿಗುತ್ತಾರೆ ಎಂದು ಕೇಳಿ. ಪ್ರಮೀಳಾಳ ಕಾಲೇಜಿನಲ್ಲಿ ನೋಟಿಸ್ ಬೋರ್ಡಿನಲ್ಲಿ ಹೆಸರಿತ್ತು, ಕೋಣೆಗೆ ಬೀಗ ಇತ್ತು. ಮಕ್ಕಳು ಒಟ್ಟಾಗಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟ ಮೇಲೆ ವಾರದಲ್ಲಿ ಎರಡು ದಿನ ತೆರೆಯುತ್ತಿದೆ.

ಅವಳು ಈಗ ನಾಲ್ಕನೇ ವರ್ಷದಲ್ಲಿದ್ದಾಳೆ. ಒಂದು ವಿಷಯದ ಪರೀಕ್ಷೆ ಬಾಕಿ ಇದೆ, ಮತ್ತೆ ಬರೆಯುತ್ತಾಳೆ. ಸಾಯಬೇಕೆಂಬ ಯೋಚನೆ ಹೋಗಿದೆ. ಮಾತ್ರೆ ಇನ್ನೂ ನಡೆಯುತ್ತಿದೆ, ಯಾವಾಗ ಕಡಿಮೆ ಮಾಡುವುದೆಂದು ವೈದ್ಯರೇ ಹೇಳಬೇಕು. ಆ ಇನ್‌ಚಾರ್ಜ್ ಸಿಸ್ಟರ್ ಮುಂಚಿನ ಹಾಗೇ ಇದ್ದಾರೆ, ಮುಂದಿನ ಪೋಸ್ಟಿಂಗ್ ಮತ್ತೆ ಅದೇ ವಾರ್ಡಿನಲ್ಲಿ. ಅದಕ್ಕಾಗಿ ಹ್ಯಾಂಡ್‌ಓವರ್ ಅಭ್ಯಾಸವನ್ನು ಫೋನಿನಲ್ಲಿ ಮುಂದುವರಿಸಿದ್ದೇವೆ.