ಕ್ಯಾಪಿಗೆ ಬೇರೆ ಹೀಟ್ ಪ್ರೆಸ್ ಬೇಕಾ? ದುರ್ಗದ ಅಕ್ಕನ ಪ್ರಶ್ನೆಗೆ

ಅಕ್ಕಾ, ನಿಮ್ಮ ಹತ್ರ ಟೀ ಶರ್ಟಿನ ಚಪ್ಪಟೆ ಹೀಟ್ ಪ್ರೆಸ್ (ಶಾಖ ಕೊಟ್ಟು ಒತ್ತಿ ಪ್ರಿಂಟ್ ಕೂರಿಸೋ ಮಷಿನ್) ಇದೆ, ರಾಜ್ಯೋತ್ಸವಕ್ಕೆ ಒಂದು ಸಂಘದಿಂದ 200 ಹಳದಿ ಕ್ಯಾಪಿನ ಆರ್ಡರ್ ಬಂದಿದೆ. ಎಂಟು ಕೆಲಸದ ಕಾಂಬೋ ಮಷಿನ್ ತಗೊಳ್ಳೋದಾ, ಕ್ಯಾಪಿನದ್ದೇ ಬೇರೆ ತಗೊಳ್ಳೋದಾ ಅಂತ ಕೇಳಿದೀರಿ. ದಾವಣಗೆರೆಯಲ್ಲಿ ನಾನು ಇದೇ ಕೆಲಸ ಮಾಡ್ತಿರೋದು. ಕ್ಯಾಪಿನದ್ದೇ ತಗೊಳ್ಳಿ. ಕಾಂಬೋದಲ್ಲಿ ಕ್ಯಾಪಿನ ಅಚ್ಚು ಇರುತ್ತೆ, ಆದ್ರೆ ಪ್ರತಿ ಸಲ ಒಂದು ಬಿಚ್ಚಿ, ಆರೋವರೆಗೂ ಕಾದು, ಇನ್ನೊಂದು ಕೂರಿಸಬೇಕು. 200 ಕ್ಯಾಪಿನ ನಡುವೆ ಯಾರಾದ್ರೂ ಮಗ್ ಕೇಳಿದ್ರೆ ಅರ್ಧ ದಿನ ಹೋಯ್ತು.

ಅಂಗಡಿಯಲ್ಲಿ ಖಾಲಿ ಮಷಿನ್ ನೋಡಿ ದುಡ್ಡು ಕೊಡಬೇಡಿ. ನೀವು ಒತ್ತೋ ಕ್ಯಾಪನ್ನೇ ಒಯ್ಯಿರಿ. ಕ್ಯಾಪ್ ಹಾಕಿ, ಮಧ್ಯೆ ಒಂದು ಕಾಗದದ ಚೂರು, ಎರಡೂ ಅಂಚಿಗೆ ಒಂದೊಂದು ಇಟ್ಟು, ಬಿಸಿ ಮಾಡದೆ ಮಷಿನ್ ಹಿಡಿಕೆ ಒತ್ತಿ. ಮೂರನ್ನೂ ಎಳೆದಾಗ ಒಂದೇ ಬಿಗಿ ಇರಬೇಕು. ಅಂಚಿನದು ಸಲೀಸಾಗಿ ಬಂದ್ರೆ ಆ ಅಚ್ಚಿನ ಬಾಗು ನಿಮ್ಮ ಕ್ಯಾಪಿಗೆ ಕೂರಲ್ಲ. ಹಿಂದಿಂದ ಕ್ಯಾಪನ್ನು ಎಳೆದು ಹಿಡಿಯೋ ಪಟ್ಟಿ ಇರೋ ಮಷಿನ್ ಸಿಕ್ಕರೆ ಇನ್ನೂ ಒಳ್ಳೇದು. ಅರ್ತಿಂಗ್ ಇರೋ ಪ್ಲಗ್ಗಿಗೇ ಹಾಕಿ.

ಈಗ ಬಟ್ಟೆ ವಿಷಯ. ಇಲ್ಲೇ ಜಾಸ್ತಿ ಜನ ಕೈ ಸುಟ್ಟುಕೊಳ್ಳೋದು. ಕ್ಯಾಪ್ ಕಾಟನ್ನೋ ಪಾಲಿಯೆಸ್ಟರೋ ಅಂತ ನೋಡೋಕೆ ಒಳಗಿನ ಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಬೇಡಿ, ದಾರ ಬೇರೆ, ಬಟ್ಟೆ ಬೇರೆ. ಬಟ್ಟೆಯದ್ದೇ ಎಳೆ ತೆಗೆದು ಹಿಡೀರಿ. ಕಾಗದದ ಹಾಗೆ ಉರಿದು ಬೂದಿಯಾದ್ರೆ ಕಾಟನ್, ಕರಗಿ ಗಟ್ಟಿ ಮಣಿಯಾದ್ರೆ ಪಾಲಿಯೆಸ್ಟರ್. ಸಬ್ಲಿಮೇಶನ್, ಅಂದ್ರೆ ಕಾಗದದ ಮೇಲಿನ ಇಂಕು ಶಾಖಕ್ಕೆ ಆವಿಯಾಗಿ ಬಟ್ಟೆಯೊಳಗೆ ಇಳಿಯೋ ಪ್ರಿಂಟು, ಕಾಟನ್ನಿಗೆ ನಿಲ್ಲಲ್ಲ. ಪಾಲಿಯೆಸ್ಟರಿಗೆ ಹಿಡಿಯುತ್ತೆ, ಆದ್ರೆ ಆ ಇಂಕು ಪಾರದರ್ಶಕ, ಅದರಲ್ಲಿ ಬಿಳಿ ಬಣ್ಣವೇ ಇಲ್ಲ. ಹಳದಿ ಮೇಲೆ ಕೆಂಪು ಅಕ್ಷರ ಚೆನ್ನಾಗಿ ಬರುತ್ತೆ, ಸಂಘದ ಲೋಗೋದಲ್ಲಿ ನೀಲಿ ಇದ್ದರೆ ಹಸಿರಾಗಿ ಕೂರುತ್ತೆ. ಬಿಳಿಯಾಗಲಿ ನೀಲಿಯಾಗಲಿ ಬೇಕಂದ್ರೆ ಡಿಟಿಎಫ್ ಮಾಡಿಸಿ, ಅಂದ್ರೆ ಫಿಲ್ಮಿನ ಮೇಲೆ ಬಿಳಿ ಸಮೇತ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತಿ ಅಂಟಿಸೋದು. ಸಂಘದವರು ಕೆಂಪು ಪಾಲಿಯೆಸ್ಟರ್ ಕ್ಯಾಪ್ ಮೇಲೆ ಬಿಳಿ ಅಕ್ಷರ ಕೇಳಿದ್ರೆ ಹುಷಾರು: ಶಾಖ ಜಾಸ್ತಿಯಾದ್ರೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಗುಲಾಬಿಯಾಗುತ್ತೆ.

ಸಬ್ಲಿಮೇಶನ್ನಿಗೆ ನಾನು 190ರಿಂದ 200 ಡಿಗ್ರಿ ಸೆಲ್ಸಿಯಸ್, 45ರಿಂದ 60 ಸೆಕೆಂಡ್ ಇಡ್ತೀನಿ, ಪ್ರಿಂಟ್ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು. ಡಿಟಿಎಫ್‌ಗೆ ಕಾಟನ್ ಮೇಲೆ 150 ಹತ್ತಿರ, ಪಾಲಿಯೆಸ್ಟರ್ ಮೇಲೆ 130-140, ಹತ್ತು-ಹದಿನೈದು ಸೆಕೆಂಡ್. ಫಿಲ್ಮು ಬಿಸಿಯಲ್ಲಿ ಬಿಡಿಸೋದೋ ಆರಿದ ಮೇಲೋ ಅಂತ ಪ್ರಿಂಟ್ ಕೊಟ್ಟವರನ್ನು ಕೇಳಿಕೊಳ್ಳಿ.

ಆರು ತುಂಡಿನ ಕ್ಯಾಪಲ್ಲಿ ಹಣೆ ಮಧ್ಯಕ್ಕೇ ಹೊಲಿಗೆ ಬರುತ್ತೆ. ಶುರುವಿನಲ್ಲಿ ಕ್ರಿಕೆಟ್ ಟೂರ್ನಮೆಂಟಿಗೆ ಅಂತ ಅದೇ ತಂದು, ಆ ಹೊಲಿಗೆ ಮೇಲೆ ಬಿದ್ದ ಅಕ್ಷರ ಒಂದೂ ಕೂರದೆ ನಲವತ್ತು ಕ್ಯಾಪ್ ಹಾಳು ಮಾಡಿದೆ. ಆಡೋ ಹುಡುಗರು ಬರಿ ತಲೆಯಲ್ಲೇ ಮೈದಾನಕ್ಕಿಳಿದ್ರು, ಇವತ್ತಿಗೂ ಸಂಕಟ ಆಗುತ್ತೆ. ಐದು ತುಂಡಿನದೇ ತನ್ನಿ, ಮುಂಭಾಗ ಒಂದೇ ಬಟ್ಟೆ ಇರುತ್ತೆ. ಡಿಸೈನ್ ಎತ್ತರ 2 ಇಂಚು ದಾಟದಿರಲಿ. ಮುಂಭಾಗ ಸ್ಪಂಜಿಂದು ಬೇಡ, ಒತ್ತಿದರೆ ಕುಗ್ಗಿ ಹೋಗುತ್ತೆ.

ಒಳಗಿನ ಬೆವರು ಪಟ್ಟಿ ಹೊರಗೆ ಎಳೆದು, ಐದು ಸೆಕೆಂಡ್ ಖಾಲಿ ಒತ್ತಿ ತೇವ ಹೋಗಿಸಿ, ಆಮೇಲೆ ಪ್ರಿಂಟಿಗೆ ಶಾಖ ತಡೆಯೋ ಹೀಟ್ ಟೇಪ್ ಹಾಕಿ. 200ಕ್ಕೆ ಕೈ ಹಾಕೋ ಮುಂಚೆ ಒಂದು ಒತ್ತಿ, ಮಾರನೇ ದಿನ ಒಗೆದು, ಎದುರಿಂದ ಮತ್ತು ಪಕ್ಕದಿಂದ ಫೋಟೋ ಇಲ್ಲಿ ಹಾಕಿ. ಯಾವ ಮೂಲೆ ಎದ್ದಿದೆ ಅಂತ ನೋಡಿದ್ರೆ ಒತ್ತಡ ಎಲ್ಲಿ ಕಮ್ಮಿ ಅಂತ ಹೇಳ್ತೀನಿ.