ದೊಡ್ಡ ಮೋಟಾರೇ ಇರಲಿ ಅನ್ನೋ ಮುಂಚೆ

ಪ್ರಶ್ನೆ: ಮರ ಕೆತ್ತೋಕೆ ಮನೆಯಲ್ಲೇ ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸೋ ಕೆತ್ತನೆ ಮೆಷಿನ್) ಕಟ್ಟುತ್ತಿದ್ದೇನೆ. ಮೂರೂ ಆಕ್ಸಿಸ್‌ಗೆ 5 ಮಿ.ಮೀ. ಲೀಡ್ ಇರುವ ಬಾಲ್ ಸ್ಕ್ರೂ, ಅಂದ್ರೆ ಒಂದು ಸುತ್ತಿಗೆ 5 ಮಿ.ಮೀ. ಸಾಗಿಸೋದು. ನೆಮಾ 23 ಅಳತೆಯ ಸ್ಟೆಪ್ಪರ್ ಮೋಟಾರುಗಳಲ್ಲಿ (ಹೆಜ್ಜೆ ಹೆಜ್ಜೆಯಾಗಿ ತಿರುಗೋವು) ಎರಡು ನೋಡಿದ್ದೇನೆ. ಒಂದು 1.26 ನ್ಯೂಟನ್ ಮೀಟರ್, 2.8 ಆಂಪ್ಸ್, 2.5 ಮಿಲಿಹೆನ್ರಿ. ಇನ್ನೊಂದು 3 ನ್ಯೂಟನ್ ಮೀಟರ್, 4.2 ಆಂಪ್ಸ್, 3.8 ಮಿಲಿಹೆನ್ರಿ. ದೊಡ್ಡದೇ ಒಳ್ಳೇದಲ್ವಾ? ಹಳೆಯ 3ಡಿ ಪ್ರಿಂಟರಿನ ಎ4988 ಡ್ರೈವರ್‌ಗಳಿವೆ (ಮೋಟಾರಿಗೆ ಕರೆಂಟ್ ಕೊಡೋ ಬೋರ್ಡ್‌ಗಳು), ಸಾಕಾಗುತ್ತವಾ? ಚಿಕ್ಕ ಮೋಟಾರಿನ ಶೀಟಲ್ಲಿ 2.5 ವೋಲ್ಟ್ ಅಂತಿದೆ. 36 ವೋಲ್ಟ್ ಕೊಟ್ಟರೆ ಸುಡೋದಿಲ್ವಾ?

ಉತ್ತರ: ಚಿಕ್ಕದನ್ನೇ ತಗೊಳ್ಳಿ. ಆ 3 ನ್ಯೂಟನ್ ಮೀಟರ್ ಅನ್ನೋದು ಮೋಟಾರು ನಿಂತಿದ್ದಾಗಿನ ಬಲ. ನಿಮ್ಮ ಮೆಷಿನ್ ನಿಂತುಕೊಂಡು ಮರ ಕೆತ್ತೋದಿಲ್ಲ.

ನಿಮಿಷಕ್ಕೆ 3000 ಮಿ.ಮೀ. ಓಡಿಸ್ತೀರಿ ಅಂದುಕೊಳ್ಳಿ. 5 ಮಿ.ಮೀ. ಲೀಡ್‌ಗೆ ಅದು 600 ಸುತ್ತು. ಒಂದು ಸುತ್ತಿಗೆ 200 ಸ್ಟೆಪ್, ಅಂದ್ರೆ ಸೆಕೆಂಡಿಗೆ 2000 ಸ್ಟೆಪ್. ಒಂದೊಂದಕ್ಕೆ ಸಿಗೋದು ಅರ್ಧ ಮಿಲಿಸೆಕೆಂಡ್. ಅಷ್ಟರೊಳಗೆ ಕಾಯಿಲ್‌ಗೆ ಕರೆಂಟ್ ತುಂಬಬೇಕು. ಮಿಲಿಹೆನ್ರಿ (ಕರೆಂಟ್ ಏರೋದನ್ನು ಕಾಯಿಲ್ ಎಷ್ಟು ತಡೆಯುತ್ತೆ ಅನ್ನೋ ಅಳತೆ), ಆಂಪ್ಸ್ ಜಾಸ್ತಿ ಇದ್ದಷ್ಟೂ ಇದಕ್ಕೆ ಹೊತ್ತು ಹಿಡಿಯುತ್ತದೆ. 36 ವೋಲ್ಟ್‌ನಲ್ಲಿ ಚಿಕ್ಕ ಮೋಟಾರಿಗೆ ಸುಮಾರು 0.19 ಮಿಲಿಸೆಕೆಂಡ್ ಸಾಕು. ದೊಡ್ಡದಕ್ಕೆ 0.44 ಬೇಕು! ತುಂಬೋ ಹೊತ್ತಿಗೆ ಮುಂದಿನ ಸ್ಟೆಪ್ ಬಂದಾಯ್ತು. ಮೋಟಾರು ತಿರುಗುವಾಗ ತಾನೇ ಹುಟ್ಟಿಸೋ ವೋಲ್ಟೇಜ್ ಲೆಕ್ಕಕ್ಕೆ ಹಿಡಿದ್ರೆ ಎರಡಕ್ಕೂ ಇನ್ನೂ ಕಷ್ಟ.

ಬಲ ಸಾಲುತ್ತಾ ಅನ್ನೋ ಭಯ ಬೇಡ. ಓಡುವಾಗ ಅರ್ಧ ನ್ಯೂಟನ್ ಮೀಟರ್ ಉಳಿದರೂ ಈ ಸ್ಕ್ರೂ 50 ಕೆಜಿಗೂ ಜಾಸ್ತಿ ಬಲದಲ್ಲಿ ತಳ್ಳುತ್ತದೆ. ಮರಕ್ಕೆ ಧಾರಾಳ.

ವೋಲ್ಟೇಜ್ ವಿಷಯದಲ್ಲಿ ಎಲ್ಲರೂ ಒಮ್ಮೆ ಹೆದರುತ್ತಾರೆ. 2.5 ಅನ್ನೋದು 2.8 ಆಂಪ್ಸನ್ನು 0.9 ಓಮ್‌ನಿಂದ ಗುಣಿಸಿ ಬಂದ ಸಂಖ್ಯೆ, ಅಷ್ಟೇ. ಈ ಡ್ರೈವರ್‌ಗಳು ಕರೆಂಟನ್ನು ಕತ್ತರಿಸಿ ಕತ್ತರಿಸಿ ನೀವು ಇಟ್ಟ ಮಿತಿಯಲ್ಲೇ ಹಿಡಿಯುತ್ತವೆ. ವೋಲ್ಟೇಜ್ ಜಾಸ್ತಿ ಇದ್ದಷ್ಟೂ ಕರೆಂಟ್ ಬೇಗ ಏರುತ್ತದೆ. ಮಿಲಿಹೆನ್ರಿಯ ವರ್ಗಮೂಲಕ್ಕೆ 32ರಿಂದ ಗುಣಿಸಿದರೆ ಮೇಲ್ಮಿತಿ ಸಿಗುತ್ತದೆ ಅಂತ ಒಂದು ಅಂದಾಜಿದೆ. ನಿಮ್ಮದಕ್ಕೆ ಸುಮಾರು 50. ಹಾಗಾಗಿ 36 ಆರಾಮಾಗಿ ಕೊಡಬಹುದು.

ಎ4988 ಬಿಟ್ಟುಬಿಡಿ. ಹೀಟ್ ಸಿಂಕ್, ಫ್ಯಾನ್ ಎಲ್ಲ ಇಟ್ಟರೂ 2 ಆಂಪ್ಸ್ ದಾಟಲ್ಲ. ಮಿತಿಯೂ 35 ವೋಲ್ಟ್, ನಿಮ್ಮ 36ನ್ನು ತಡೆಯಲ್ಲ. ಡಿಎಂ542 ಥರದ್ದು ತಗೊಳ್ಳಿ, 50 ವೋಲ್ಟ್‌ವರೆಗೆ ನಡೆಯುತ್ತದೆ. ಆದ್ರೆ 48 ವೋಲ್ಟ್ ಸಪ್ಲೈ ಕಟ್ಟೋ ಆಸೆ ಬೇಡ. ಆಕ್ಸಿಸ್ ತಟ್ಟನೆ ನಿಂತಾಗ ಮೋಟಾರಿನಿಂದ ವಾಪಸ್ ಬರೋ ವೋಲ್ಟೇಜಿಗೂ ಜಾಗ ಬೇಕಲ್ಲ.

ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಎಷ್ಟು ಚೂರು ಮಾಡೋದು ಅನ್ನೋದು) 1/8 ಇಡಿ. ಮಿ.ಮೀ.ಗೆ 320 ಪಲ್ಸ್ ಆಗುತ್ತದೆ. ನಿಮ್ಮ ಕಂಟ್ರೋಲರ್ ಆರ್ಡುಯಿನೋ ಊನೋ ಬೋರ್ಡ್ ಮೇಲೆ ಓಡೋ ಜಿಆರ್‌ಬಿಎಲ್ ಸಾಫ್ಟ್‌ವೇರ್ ಆಗಿದ್ರೆ ಅದರ ಮಿತಿ ಸೆಕೆಂಡಿಗೆ ಸುಮಾರು 30,000 ಪಲ್ಸ್. 1/16ಕ್ಕೆ ಹೋದ್ರೆ ಆ 3000 ಮಿ.ಮೀ. ವೇಗಕ್ಕೇ 32,000 ಬೇಕಾಗುತ್ತದೆ.

ಮೋಟಾರು ಕೈಸುಡೋಷ್ಟು ಬಿಸಿಯಾದರೆ ಗಾಬರಿ ಬೇಡ, 70 ಡಿಗ್ರಿ ಅದಕ್ಕೆ ಮಾಮೂಲು. ಆದ್ರೆ ಡ್ರೈವರ್ ಆನ್ ಇರುವಾಗ ಮೋಟಾರಿನ ವೈರ್ ಮಾತ್ರ ಕೀಳಬೇಡಿ. ಹಾಗೆ ಮಾಡಿ ನಾನೇ ಎರಡು ಡ್ರೈವರ್ ಸುಟ್ಟಿದ್ದೇನೆ, ಎರಡನೆಯದು ಮೊದಲನೆಯದು ಯಾಕೆ ಸತ್ತಿತು ಅಂತ ನೋಡೋಕೆ ಹೋಗಿ.